ಎಕ್ಸ್‌ಪ್ರೆಸ್ ಬಸ್ಸಿನ ನಿಜವಾದ ವೇಗ ರಾಡಾರಿನಲ್ಲಿ ಹಿಡಿದದ್ದು ಹೇಗೆ

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನನ್ನ ರಾಡಾರ್ ಮಾತ್ರ ಅದನ್ನೇ ಹೇಳುತ್ತಿತ್ತು. ಪಡುಬಿದ್ರಿ ಹತ್ತಿರ ಹೆದ್ದಾರಿ 66ರ ಬದಿಯಲ್ಲೇ ಗೆಳೆಯನ ಮನೆ. ಅದರ ತಾರಸಿಯಲ್ಲಿ 77 ಗಿಗಾಹರ್ಟ್ಸ್‌ನ ಬೋರ್ಡ್ ಒಂದನ್ನು ಟ್ರೈಪಾಡಿಗೆ ಕಟ್ಟಿ ರಸ್ತೆ ಕಡೆ ತಿರುಗಿಸಿಟ್ಟಿದ್ದೆ. ಕಳಿಸಲು ಮೂರು ಆಂಟೆನಾ, ಕೇಳಲು ನಾಲ್ಕು. ಲೆಕ್ಕದಲ್ಲಿ 12 ಆಂಟೆನಾ ಇದ್ದ ಹಾಗೆ, ಹಾಗಾಗಿ ವಾಹನ ಯಾವ ಲೇನಿನಲ್ಲಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ. ತೊಂದರೆ ಇದ್ದದ್ದು ವೇಗದಲ್ಲಿ.

ಕಾರಣ ಸರಳ. ಮೂರೂ ಆಂಟೆನಾಗಳು ಸರದಿ ಪ್ರಕಾರ ಒಂದೊಂದು ಚಿರ್ಪ್ (ಆವರ್ತನ ಏರುತ್ತಾ ಹೋಗುವ ಪುಟ್ಟ ರೇಡಿಯೋ ಅಲೆ) ಕಳಿಸುತ್ತವೆ. ವೇಗ ಗೊತ್ತಾಗುವುದು ಒಂದೇ ಆಂಟೆನಾದ ಒಂದು ಚಿರ್ಪಿನಿಂದ ಮುಂದಿನದಕ್ಕೆ ಫೇಸ್, ಅಂದರೆ ಅಲೆಯ ಏರಿಳಿತದ ಹಂತ, ಎಷ್ಟು ಬದಲಾಯಿತು ಎಂಬುದರಿಂದ. ಒಂದು ಚಿರ್ಪಿಗೆ 40 ಮೈಕ್ರೋಸೆಕೆಂಡ್ ಅಂದುಕೊಳ್ಳಿ. ಒಂದೇ ಆಂಟೆನಾ ಇದ್ದಿದ್ದರೆ ಎರಡೂ ದಿಕ್ಕಿಗೆ ಗಂಟೆಗೆ 87 ಕಿ.ಮೀ.ವರೆಗೆ ಗೊಂದಲವಿಲ್ಲದೆ ಅಳೆಯಬಹುದು. ಮೂರಾದಾಗ ಅದೇ ಆಂಟೆನಾದ ಸರದಿ ಮತ್ತೆ ಬರಲು 120 ಮೈಕ್ರೋಸೆಕೆಂಡ್ ಬೇಕು, ಮಿತಿ 29ಕ್ಕೆ ಇಳಿಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದದ್ದು ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಬರುತ್ತದೆ. 80ರ ಬಸ್ಸು 22 ಆಗುತ್ತದೆ, 45ರಲ್ಲಿ ಎದುರು ಬರುವ ರಿಕ್ಷಾ 13ರಲ್ಲಿ ದೂರ ಹೋಗುವ ಹಾಗೆ ಕಾಣುತ್ತದೆ! ವೇಗ ತಪ್ಪಿದರೆ ಕೋನವೂ ಕೆಡುತ್ತದೆ, ಯಾಕೆಂದರೆ ಒಂದು ಸರದಿಯಿಂದ ಇನ್ನೊಂದಕ್ಕೆ ವಾಹನ ಸರಿದಷ್ಟು ಫೇಸನ್ನು ಆ ವೇಗದಿಂದಲೇ ಸರಿಪಡಿಸಬೇಕು.

ಮೂರೂ ಆಂಟೆನಾಗಳನ್ನು ಒಟ್ಟಿಗೆ ಕಳಿಸಿ, ಪ್ರತಿಯೊಂದಕ್ಕೂ ಬೇರೆ ಕೋಡ್, ಅಂದರೆ ಆಮೇಲೆ ಬಿಡಿಸಿ ಗುರುತಿಸಲು ಫೇಸಿನಲ್ಲಿ ಬೇರೆ ಗುರುತು, ಹಾಕುವುದು ದಾರಿ. ಯಾವ ಕೋಡ್ ಎಂಬುದೇ ಇಲ್ಲಿ ಮುಖ್ಯ. ಎರಡು ಆಂಟೆನಾಗೆ ಪ್ಲಸ್-ಮೈನಸ್ (ಅಲೆ ನೇರ ಅಥವಾ ತಲೆಕೆಳಗು) ಜೋಡಿಯ ಹಾಡಮಾರ್ಡ್ ಕೋಡ್ ಹಾಕಿದರೆ ಸಿಗ್ನಲ್ 3 ಡೆಸಿಬೆಲ್ ಸುಧಾರಿಸುತ್ತದೆ, ಆದರೆ ಬಿಡಿಸಲು ಎರಡು ಚಿರ್ಪ್ ಬೇಕೇ ಬೇಕು, ಮೂರು ಆಂಟೆನಾಗೆ ನಾಲ್ಕು, ವೇಗದ ಮಿತಿ ಹಿಗ್ಗುವುದಿಲ್ಲ. ಸುಮ್ನೆ ಯಾದೃಚ್ಛಿಕ ಪ್ಲಸ್-ಮೈನಸ್ ಹಾಕಿದರೆ ಮಿತಿ ಪೂರ್ತಿ ವಾಪಸ್ ಸಿಗುತ್ತದೆ. ಆದರೆ ಒಂದು ಆಂಟೆನಾವನ್ನು ಬಿಡಿಸುವಾಗ ಉಳಿದೆರಡರ ಶಕ್ತಿ ಗದ್ದಲವಾಗಿ ಹರಡುತ್ತದೆ. 128 ಚಿರ್ಪಿಗೆ ಆ ಗದ್ದಲ ವಾಹನದ ಸಿಗ್ನಲಿನ ಶಿಖರಕ್ಕಿಂತ ಸುಮಾರು 18 ಡೆಸಿಬೆಲ್ ಮಾತ್ರ ಕೆಳಗೆ. ಬಸ್ಸಿನ ಪಕ್ಕದಲ್ಲಿ ಅದೇ ದೂರದಲ್ಲಿರುವ ಸ್ಕೂಟಿ ಅದರಲ್ಲಿ ಮುಳುಗಿಯೇ ಹೋಗುತ್ತದೆ. ಪೇಪರಿನಲ್ಲಿ ಚಂದ, ನಮ್ಮ ರಸ್ತೆಗೆ ಆಗುವುದಿಲ್ಲ ಮಾರಾಯ್ರೆ.

ನಾನು ನೆಚ್ಚಿಕೊಂಡದ್ದು ಡಾಪ್ಲರ್ ಹಂಚಿಕೆಯನ್ನು, ಅಂದರೆ ವೇಗದ ಅಳತೆಪಟ್ಟಿಯಲ್ಲಿ ಪ್ರತಿ ಆಂಟೆನಾಗೂ ಬೇರೆ ಜಾಗ ಕೊಡುವುದನ್ನು. ಮೊದಲ ಆಂಟೆನಾದ ಫೇಸ್ ಹಾಗೇ ಇರುತ್ತದೆ, ಎರಡನೆಯದು ಚಿರ್ಪಿಗೆ 90 ಡಿಗ್ರಿ, ಮೂರನೆಯದು 180 ಡಿಗ್ರಿ ತಿರುಗುತ್ತಾ ಹೋಗುತ್ತದೆ. 128 ಡಾಪ್ಲರ್ ಬಿನ್‌ಗಳಲ್ಲಿ (ವೇಗದ ಖಾನೆಗಳಲ್ಲಿ) ಒಂದೇ ಬಸ್ಸು 32 ಬಿನ್ ಅಂತರದಲ್ಲಿ ಮೂರು ಕಡೆ ಕಾಣುತ್ತದೆ, ನಾಲ್ಕನೆಯ ಜಾಗ ಖಾಲಿ. ಆ ಖಾಲಿ ಜಾಗವೇ ಕೀಲಿ. ಅದು ಎಲ್ಲಿದೆ ಎಂದು ಹುಡುಕಿದರೆ ಅದರ ನಂತರದ್ದು ಮೊದಲ ಆಂಟೆನಾ, ಅದರ ಬಿನ್ನೇ ನಿಜವಾದ ವೇಗ. ಮೂರು ಆಂಟೆನಾಗೆ 120 ಡಿಗ್ರಿಯಂತೆ ಸಮನಾಗಿ ಹಂಚಿದ್ದರೆ ಖಾಲಿ ಜಾಗವೇ ಇರುತ್ತಿರಲಿಲ್ಲ, ಗೊಂದಲ ಹಾಗೇ ಉಳಿಯುತ್ತಿತ್ತು.

ಇನ್ನು ಕೆಲಸದ ಮಾತು. ಚಿಪ್ಪಿನೊಳಗಿನ ಫೇಸ್ ಶಿಫ್ಟರ್ 5.625 ಡಿಗ್ರಿ ಹೆಜ್ಜೆಯದ್ದು, 90 ಡಿಗ್ರಿಗೆ ಸರಿಯಾಗಿ 16 ಹೆಜ್ಜೆ. ಆದರೆ ಹೇಳಿದಷ್ಟೇ ತಿರುಗುತ್ತದೆ ಎಂದು ನಂಬಬೇಡಿ. ಸ್ವಲ್ಪ ವ್ಯತ್ಯಾಸವಾದರೂ ಖಾಲಿ ಇರಬೇಕಾದ ಜಾಗದಲ್ಲಿ ಸುಳ್ಳು ಶಿಖರ ಏಳುತ್ತದೆ. ಅಲ್ಯೂಮಿನಿಯಂ ತಗಡಿನ ಮೂರು ತುಂಡುಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿ ಮೂಲೆ ಮಾಡಿ, ಎದುರಿಗಿಟ್ಟು, ಒಂದೊಂದು ಆಂಟೆನಾದ ಫೇಸನ್ನೂ ಬೇರೆಬೇರೆಯಾಗಿ ಅಳೆದುಕೊಂಡೆ. ಮೂರನ್ನೂ ಒಟ್ಟಿಗೆ ಹೊರಡಿಸಲು ಕರೆಂಟೂ ಜಾಸ್ತಿ ಬೇಕು, ಬೋರ್ಡಿನ ಪವರ್ ಸೆಟ್ಟಿಂಗ್ ಮೊದಲೇ ನೋಡಿಕೊಳ್ಳಿ.

ತೆಂಗಿನ ಮರಗಳದ್ದು ಬೇರೆಯೇ ಕಥೆ. ನಿಂತ ವಸ್ತುಗಳೂ ಮೂರು ಕಡೆ ಕಾಣುತ್ತವಲ್ಲ, ಹಾಗಾಗಿ ಕಂಪೌಂಡು, ಮರ, ಕರೆಂಟು ಕಂಬ ಎಲ್ಲ 0, 44 ಮತ್ತು 87 ಕಿ.ಮೀ. ಗೆರೆಗಳ ಮೇಲೆ ಬಂದು ಕೂರುತ್ತವೆ. ಮೊದಲಿನ ಹಾಗೆ ಸೊನ್ನೆ ಬಿನ್ ಒಂದನ್ನು ಅಳಿಸಿದರೆ ಸಾಲದು, ಮೂರನ್ನೂ ಅಳಿಸಬೇಕು. ಗಾಳಿಗೆ ಗರಿ ಆಡುತ್ತಿದ್ದರೆ ಅಕ್ಕಪಕ್ಕದ ಬಿನ್‌ಗಳನ್ನೂ ಸೇರಿಸಿ. 44ರ ಆಸುಪಾಸಿನಲ್ಲಿ ಹೋಗುವ ಸ್ಕೂಟಿ ಆಗ ಕೈತಪ್ಪುತ್ತದೆ, ಅದು ಈ ವಿಧಾನಕ್ಕೆ ಕೊಡಬೇಕಾದ ಬೆಲೆ. ಒಂದೇ ದೂರದಲ್ಲಿ 80ರ ಬಸ್ಸು ಮತ್ತು 36ರ ಬೈಕು ಇದ್ದರೂ ಒಂದರ ಶಿಖರ ಇನ್ನೊಂದರ ಖಾಲಿ ಜಾಗ ತುಂಬುತ್ತದೆ. ಆಗ ಹಿಂದಿನ ಫ್ರೇಮಿನಲ್ಲಿ (128 ಚಿರ್ಪಿನ ಒಂದು ಅಳತೆಯಲ್ಲಿ) ಎರಡೂ ಎಲ್ಲಿದ್ದವು ಎಂದು ನೋಡಿ ತೀರ್ಮಾನಿಸುತ್ತೇನೆ.

ಗೆಳೆಯ ತನ್ನ ಕಾರಿನಲ್ಲಿ ಫೋನಿನ ಜಿಪಿಎಸ್ ಹಚ್ಚಿ ಓಡಾಡಿದ, ಎರಡೂ ಓದುವಿಕೆ ಹೊಂದಿದವು. ಹೋಲಿಸುವಾಗ ಕೋನ ಮರೆಯಬೇಡಿ, ರಾಡಾರಿನ ನೇರಕ್ಕೆ 30 ಡಿಗ್ರಿ ಓರೆಯಲ್ಲಿ ಬರುವ ಕಾರಿನ ವೇಗ ಶೇ. 13 ಕಡಿಮೆ ಕಾಣುತ್ತದೆ. 87 ಮೀರಿದವರು ಈಗಲೂ ಸುತ್ತಿ ಬರುತ್ತಾರೆ. ಅವರಿಗಾಗಿ ಒಂದು ಫ್ರೇಮಿನಲ್ಲಿ ಚಿರ್ಪಿಗೆ 40, ಮುಂದಿನದರಲ್ಲಿ 50 ಮೈಕ್ರೋಸೆಕೆಂಡ್ ಇಟ್ಟು, ಎರಡಕ್ಕೂ ಹೊಂದುವ ವೇಗವನ್ನು ಆರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ.