ಸ್ಯಾಂಡರ್ ಹಿಡಿಯುವ ಮುನ್ನ

ಸ್ಯಾಂಡ್‌ಪೇಪರ್ ಹಾಳೆಯನ್ನು ವೇಗವಾಗಿ ಸುತ್ತಿಸಿ ಬಾಗಿಲು, ಮೇಜುಗಳನ್ನು ನಯಗೊಳಿಸುವ ಆರ್ಬಿಟಲ್ ಸ್ಯಾಂಡರ್ ಯಂತ್ರ ಗರಗಸದಂತೆ ಭಯ ಹುಟ್ಟಿಸುವುದಿಲ್ಲ. ಅದರ ಅಪಾಯ ಹೆಚ್ಚಾಗಿ ಇರುವುದು ಕಣ್ಣಿಗೆ ಬೀಳದ ಸಣ್ಣ ಧೂಳಿನಲ್ಲಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಬೀಟೆ, ತೇಗಗಳ ಧೂಳು ಕೆಲವರಿಗೆ ತುರಿಕೆಯನ್ನೂ ತರುತ್ತದೆ. ಆದ್ದರಿಂದ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಮೂಗಿನ ಪಟ್ಟಿಯನ್ನು ಒತ್ತಿ ಬಿಗಿಯಾಗಿ ಕೂರಿಸಿದ ಎನ್‌95 ಮಾಸ್ಕ್, ಪಕ್ಕಗಳೂ ಮುಚ್ಚಿದ ಕನ್ನಡಕ ಹಾಗೂ ಇಯರ್‌ಪ್ಲಗ್ ಧರಿಸಬೇಕು, ಧೂಳಿನ ಚೀಲವನ್ನು ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು.

ಹಾಳೆ ಬದಲಿಸುವಾಗ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನೇ ಕಿತ್ತಿಡಬೇಕು. ಹಾಳೆಯ ತೂತುಗಳು ಅದನ್ನು ಹಿಡಿದಿಡುವ ಪ್ಯಾಡಿನ ತೂತುಗಳಿಗೆ ಸರಿಯಾಗಿ ಕೂರದಿದ್ದರೆ ಧೂಳು ಚೀಲಕ್ಕೆ ಹೋಗದೆ ನಿಮ್ಮತ್ತಲೇ ಹಾರುತ್ತದೆ. ಮರವನ್ನು ಕ್ಲಾಂಪಿನಿಂದ ಬಿಗಿದು, ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಯಿಸಿಕೊಂಡು, ಯಂತ್ರವನ್ನು ಮರದ ಮೇಲೆ ಸಮತಟ್ಟಾಗಿ ಇಟ್ಟ ಬಳಿಕವೇ ಚಾಲೂ ಮಾಡಿ, 80 ನಂಬರಿನ ಒರಟು ಹಾಳೆಯಿಂದ 120ಕ್ಕೆ, ಆಮೇಲೆ ಇನ್ನೂ ನುಣುಪಾದ 180ಕ್ಕೆ ಏರುತ್ತ ನಿಧಾನವಾಗಿ ಓಡಿಸಬೇಕು. ಒತ್ತಿ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆಂಬುದು ಬರೀ ಭ್ರಮೆ; ಪಾಲಿಶ್ ಹಚ್ಚಿದಾಗ ಎದ್ದು ಕಾಣುವ ಸುರುಳಿ ಗೀರುಗಳಷ್ಟೇ ಉಳಿಯುತ್ತವೆ.

ಪ್ಯಾಡು ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಕೆಳಗಿಡಿ. ಹಳೆಯ ಮನೆಯ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದಕ್ಕೆ ಸ್ಯಾಂಡರ್ ಮುಟ್ಟಿಸಲೇಬೇಡಿ.