ಹಳೇ ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದಿಷ್ಟು ವೇಗ

ಗೇಮ್ 56 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಲೆಕ್ಕ) ಓಡುತ್ತಿದೆ, 60 ಮುಟ್ಟಿದರೆ ಸಾಕು ಅನ್ನಿಸುತ್ತಿದೆ. ಹೊಸ ಕಾರ್ಡಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇಂಥ ಸಣ್ಣ ಕೊರತೆ ತುಂಬಲಿಕ್ಕೇ ಓವರ್‌ಕ್ಲಾಕಿಂಗ್ ಇರುವುದು. ಕಂಪನಿ ಗೊತ್ತುಮಾಡಿದ್ದಕ್ಕಿಂತ ತುಸು ಜಾಸ್ತಿ ವೇಗದಲ್ಲಿ ಚಿಪ್ ಓಡಿಸುವುದು, ಅಷ್ಟೆ. 30 ಇದ್ದದ್ದು 60 ಆಗುತ್ತದೆ ಅಂದುಕೊಂಡಿದ್ದರೆ ಸುಮ್ನೆ ಕೈಹಾಕಬೇಡಿ. ಸಾಮಾನ್ಯವಾಗಿ ಸಿಗುವುದು ಶೇ 5ರ ಆಸುಪಾಸು, ಅದೃಷ್ಟವಿದ್ದರೆ ಇನ್ನೊಂಚೂರು.

ಎನ್‌ವಿಡಿಯಾದ ಆರ್‌ಟಿಎಕ್ಸ್ 3060, 12 ಜಿಬಿ ಕಾರ್ಡನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 2021ರಲ್ಲಿ ಬಂದದ್ದು. ಎನ್‌ವಿಡಿಯಾ ಹೇಳುವ ಬೂಸ್ಟ್ ವೇಗ, ಅಂದರೆ ಗೇಮ್ ಆಡುವಾಗ ಚಿಪ್ ಏರುವ ವೇಗ, 1777 ಮೆಗಾಹರ್ಟ್ಸ್. ತಂಪಾಗಿದ್ದರೆ ಕಾರ್ಡ್ ತಾನಾಗಿಯೇ ಅದನ್ನು ದಾಟಿ 1900ರ ಹತ್ತಿರ ಹೋಗುತ್ತದೆ. ಬಿಸಿಯಾದಂತೆ ತಾನೇ ಇಳಿಯುತ್ತದೆ. ಹಾಗಾಗಿ ಮೊದಲು ಬ್ರಷ್ ಹಿಡಿಯಿರಿ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದು, ಧೂಳು ತೆಗೆಯಿರಿ. ಕ್ಯಾಬಿನೆಟ್ಟನ್ನು ಗೋಡೆಯಿಂದ ದೂರ ಸರಿಸಿ. ಇಷ್ಟಕ್ಕೇ ಒಂದೆರಡು ಎಫ್‌ಪಿಎಸ್ ಏರಿದರೆ ಆಶ್ಚರ್ಯವಿಲ್ಲ!

ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಕಡೆಗೂ ಒಮ್ಮೆ ನೋಡಿ. 3060ಕ್ಕೆ ಬೇಕಾಗುವುದು 170 ವಾಟ್. ಮದರ್‌ಬೋರ್ಡ್ ಸ್ಲಾಟ್ 75 ವಾಟ್, 8 ಪಿನ್ನಿನ ಕೇಬಲ್ 150 ವಾಟ್ ಕೊಡಬಲ್ಲದು. ಅಲ್ಲಿಗೆ ತೊಂದರೆ ಇಲ್ಲ. ಆದರೆ ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಹಾಕಿಕೊಂಡಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಿಸಿ.

ಇನ್ನು ವೇಗ ಏರಿಸಲು ಬೇಕಾದ ಸಾಫ್ಟ್‌ವೇರ್. ಎಂಎಸ್‌ಐ ಕಂಪನಿಯ ಆಫ್ಟರ್‌ಬರ್ನರ್ ಉಚಿತ, ಬೇರೆ ಕಂಪನಿಯ ಕಾರ್ಡುಗಳಿಗೂ ಆಗುತ್ತದೆ. ಎಂಎಸ್‌ಐನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅದೇ ಹೆಸರಿನ ನಕಲಿ ತಾಣದಲ್ಲಿ ವೈರಸ್ ಇದೆ ಎಂದು 2021ರಲ್ಲಿ ಕಂಪನಿಯೇ ಎಚ್ಚರಿಸಿತ್ತು. ಎಎಂಡಿ ಕಾರ್ಡ್ ಇದ್ದವರಿಗೆ ಆ ಕಂಪನಿಯದೇ ಸಾಫ್ಟ್‌ವೇರ್ ಆಡ್ರೆನಲಿನ್‌ನಲ್ಲೇ ಟ್ಯೂನಿಂಗ್ ವಿಭಾಗ ಸಿಗುತ್ತದೆ.

ಏನನ್ನೂ ಮುಟ್ಟುವ ಮೊದಲು ಯೂನಿಜಿನ್ ಸೂಪರ್‌ಪೊಸಿಷನ್ ಅಥವಾ 3ಡಿಮಾರ್ಕ್ ಟೈಮ್ ಸ್ಪೈ ಓಡಿಸಿ. ಇವು ಕಾರ್ಡಿನ ಸಾಮರ್ಥ್ಯ ಅಳೆದು ಸ್ಕೋರ್ ಕೊಡುವ ಬೆಂಚ್‌ಮಾರ್ಕ್ ಪರೀಕ್ಷೆಗಳು. ಸ್ಕೋರ್, ಗರಿಷ್ಠ ತಾಪಮಾನ, ಕೋರ್ (ಕಾರ್ಡಿನ ಮುಖ್ಯ ಚಿಪ್) ವೇಗ ಮೂರನ್ನೂ ಬರೆದಿಡಿ. ಬರೆದಿಡದಿದ್ದರೆ ಆಮೇಲೆ ಏರಿತೋ ಇಳಿಯಿತೋ ಗೊತ್ತಾಗುವುದೇ ಇಲ್ಲ.

ಆಫ್ಟರ್‌ಬರ್ನರ್ ತೆರೆದು ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಅನ್ನು ಬಲತುದಿಗೆ ಎಳೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಅದು ಶೇ 100ರ ಮೇಲೆ ಏರುವುದೇ ಇಲ್ಲ, ಇರಲಿ. ವೋಲ್ಟೇಜ್ ಮುಟ್ಟಬೇಡಿ. ಈಗ ಕೋರ್ ಕ್ಲಾಕ್‌ಗೆ, ಅಂದರೆ ಕೋರ್ ವೇಗಕ್ಕೆ, 50 ಮೆಗಾಹರ್ಟ್ಸ್ ಸೇರಿಸಿ, ಟಿಕ್ ಗುರುತು ಒತ್ತಿ, ಪರೀಕ್ಷೆ ಓಡಿಸಿ. ಸರಿಯಿದ್ದರೆ 25ರಂತೆ ಏರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಪರದೆಯಲ್ಲಿ ಬಣ್ಣದ ಚುಕ್ಕೆ ಕಾಣುತ್ತದೆ, ಇಲ್ಲವೇ ಗೇಮ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಗಾಬರಿಯಾಗಬೇಡಿ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ಮತ್ತೆ ಶುರುಮಾಡುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅಲ್ಲಿಂದ ಒಂದೆರಡು ಮೆಟ್ಟಿಲು ಕೆಳಗಿಳಿಯಿರಿ.

ಕೋರ್‌ಗೆ ಸೇರಿಸಿದ್ದನ್ನು ಬರೆದಿಟ್ಟು ಸೊನ್ನೆಗೆ ತಂದು, ಕಾರ್ಡಿನ ಮೆಮೊರಿಯನ್ನು ಬೇರೆಯಾಗಿಯೇ ಪರೀಕ್ಷಿಸಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಕೈಕೊಟ್ಟದ್ದು ಯಾವುದು ಅಂತ ಹೇಗೆ ಹೇಳುತ್ತೀರಿ? 3060ರ ಮೆಮೊರಿ ವೇಗ ಆಫ್ಟರ್‌ಬರ್ನರ್‌ನಲ್ಲಿ 7500ರ ಹತ್ತಿರ ಕಾಣುತ್ತದೆ. ನಿಜವಾದ ಲೆಕ್ಕ ಅದರ ಎರಡರಷ್ಟು, ಅಂದರೆ ಸೆಕೆಂಡಿಗೆ 15 ಗಿಗಾಬಿಟ್. ಇಲ್ಲಿ 500 ಸೇರಿಸಿದರೆ 16 ಗಿಗಾಬಿಟ್ ಆದಂತೆ. 200ರಿಂದ ಶುರುಮಾಡಿ, ನೂರರಂತೆ ಏರಿಸಿ.

ಹೊಸಬರು ಎಡವುವುದು ಈ ಮೆಮೊರಿಯಲ್ಲೇ. ಕೋರ್ ಮಿತಿ ಮೀರಿದರೆ ಗೇಮ್ ನಿಂತುಹೋಗಿ ಗೊತ್ತಾಗುತ್ತದೆ. ಆರ್‌ಟಿಎಕ್ಸ್ 3080ಯಂಥ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ ಹಾಗಲ್ಲ. ತಪ್ಪು ಬಂದಾಗ ಅದೇ ದತ್ತಾಂಶವನ್ನು ಮತ್ತೆ ಕಳಿಸುತ್ತದೆ. ಗೇಮ್ ಓಡುತ್ತಲೇ ಇರುತ್ತದೆ, ನೀವು ಖುಷಿಯಲ್ಲಿ ಇನ್ನೂ ಏರಿಸುತ್ತೀರಿ. ಒಳಗೊಳಗೇ ವೇಗ ಇಳಿದಿರುತ್ತದೆ. ಆದ್ದರಿಂದ ಯಾವ ಕಾರ್ಡೇ ಇರಲಿ, ಪ್ರತಿ ಹೆಜ್ಜೆಗೂ ಸ್ಕೋರ್ ನೋಡಿ. ಏರುತ್ತಿದ್ದ ಸ್ಕೋರ್ ಇಳಿಯತೊಡಗಿತೇ? ಹಿಂದಿನ ಅಂಕಿಗೆ ವಾಪಸ್ ಬನ್ನಿ.

ಕೋರ್, ಮೆಮೊರಿ ಎರಡರ ಅಂಕಿಯೂ ಸಿಕ್ಕ ಮೇಲೆ ಒಟ್ಟಿಗೆ ಹಾಕಿ, ನಿಮ್ಮಲ್ಲಿರುವ ಅತಿ ಭಾರದ ಗೇಮನ್ನು ಒಂದೆರಡು ಗಂಟೆ ಆಡಿ. ಬೆಂಚ್‌ಮಾರ್ಕ್ ದಾಟಿದ ಸೆಟ್ಟಿಂಗ್, ಬೆಳಕು-ನೆರಳನ್ನು ನಿಜದಂತೆ ಲೆಕ್ಕಹಾಕುವ ರೇ ಟ್ರೇಸಿಂಗ್ ಇರುವ ಗೇಮಿನಲ್ಲಿ ಕೈಕೊಡುವುದು ತೀರಾ ಮಾಮೂಲು. ಪರೀಕ್ಷೆಯನ್ನು ಮಧ್ಯಾಹ್ನವೇ ಮಾಡಿ. ಜನವರಿಯ ಬೆಳಗ್ಗೆ ಗಟ್ಟಿಯಾಗಿ ನಿಂತದ್ದು ಮೇ ತಿಂಗಳ ಮಧ್ಯಾಹ್ನ ನಿಲ್ಲದೇ ಹೋಗಬಹುದು. ರಾಯಚೂರು, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅಂಥ ಊರಿನವರಿಗೆ ನನ್ನ ಸಲಹೆಯೇ ಬೇರೆ: ಓವರ್‌ಕ್ಲಾಕ್ ಬಿಟ್ಟು ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸಿ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಎಂದು ತೋರಿಸುವ ಒಂದು ರೇಖೆ ತೆರೆದುಕೊಳ್ಳುತ್ತದೆ. 900 ಮಿಲಿವೋಲ್ಟ್‌ಗೆ 1850 ಮೆಗಾಹರ್ಟ್ಸ್ ಇಟ್ಟು, ಅದರ ಬಲಕ್ಕಿರುವ ರೇಖೆಯನ್ನು ಚಪ್ಪಟೆ ಮಾಡಿ ನೋಡಿ. ನಿಲ್ಲದಿದ್ದರೆ ವೇಗ ಸ್ವಲ್ಪ ಇಳಿಸಿ. ವೇಗ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಬಿಸಿ, ಕರೆಂಟು, ಫ್ಯಾನಿನ ಗಲಾಟೆ ಕಡಿಮೆಯಾಗುತ್ತವೆ.

ಸಿಕ್ಕ ಅಂಕಿಗಳನ್ನು ಪ್ರೊಫೈಲ್ ಆಗಿ ಉಳಿಸಿ. ವಿಂಡೋಸ್ ಜೊತೆಗೇ ಶುರುವಾಗುವ ಆಯ್ಕೆಯನ್ನು ಮಾತ್ರ ಒಂದು ವಾರ ಆಡಿ ನೋಡಿದ ಮೇಲೇ ಒತ್ತಿ. ಅಕಸ್ಮಾತ್ ಆಮೇಲೂ ಕಂಪ್ಯೂಟರ್ ಆನ್ ಆಗುತ್ತಲೇ ಹ್ಯಾಂಗ್ ಆದರೆ, ವಿಂಡೋಸನ್ನು ಸೇಫ್ ಮೋಡ್‌ನಲ್ಲಿ (ಅಗತ್ಯವಾದವುಗಳನ್ನಷ್ಟೇ ಶುರುಮಾಡುವ ವಿಧಾನ) ತೆರೆದು ಆಫ್ಟರ್‌ಬರ್ನರನ್ನು ಸೆಟ್ಟಿಂಗ್ ಸಮೇತ ತೆಗೆದುಹಾಕಿ. ಮತ್ತೆ ಆನ್ ಮಾಡಿದಾಗ ಕಾರ್ಡ್ ಕಂಪನಿಯ ವೇಗದಲ್ಲೇ ಓಡುತ್ತದೆ.