ಬರ, ಮಳೆ ಮತ್ತು ವ್ಯಾಲಿ ಫೀವರ್: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಚಳಿಗಾಲದ ಮಳೆಗೆ ಅದು ಎಳೆಎಳೆಯಾಗಿ ಹಬ್ಬುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಆ ಎಳೆಗಳು ತುಂಡಾಗಿ ಬೀಜಾಣುಗಳಾಗುತ್ತವೆ, ಧೂಳಿನೊಡನೆ ಶ್ವಾಸಕೋಶ ಸೇರಿ ವ್ಯಾಲಿ ಫೀವರ್ ತರುತ್ತವೆ. ಕೆಮ್ಮಿನಿಂದ ಒಬ್ಬರಿಂದೊಬ್ಬರಿಗೆ ಹರಡುವ ರೋಗ ಇದಲ್ಲವಾದ್ದರಿಂದ, ರೋಗಿಯ ಸಂಪರ್ಕಕ್ಕೆ ಬಂದವರನ್ನು ಹುಡುಕುವ, ರೋಗ ಹರಡುವ ಬಗೆಯನ್ನು ಅಧ್ಯಯನ ಮಾಡುವ ನಮ್ಮ ವೃತ್ತಿಯ ರೂಢಿಯ ಕ್ರಮ ಇಲ್ಲಿ ಉಪಯೋಗಕ್ಕೆ ಬಾರದು. ಮಳೆ, ಮಣ್ಣು, ಗಾಳಿಗಳ ಬೆನ್ನು ಹತ್ತಬೇಕು.

ಇದೇ ಕಣಿವೆಯ ಕರ್ನ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಪ್ರಕರಣಗಳನ್ನು ಹವಾಮಾನದ ದಾಖಲೆಗಳೊಂದಿಗೆ ಹೊಂದಿಸುವಾಗ ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ದಿನಾಂಕ. ದಾಖಲೆಯ ಒಂದು ಸಾಲು ಹೀಗಿರುತ್ತದೆ: ವರದಿಯಾದದ್ದು ನವೆಂಬರ್ ಕೊನೆಗೆ, ರಕ್ತಪರೀಕ್ಷೆ ನವೆಂಬರ್ ಮೊದಲಿಗೆ, ಕೆಮ್ಮು ಶುರುವಾದದ್ದು ಸೆಪ್ಟೆಂಬರ್ ನಡುವಿನಲ್ಲಿ. ಮಧ್ಯದ ವಾರಗಳೆಲ್ಲ ಸಾಮಾನ್ಯ ನ್ಯುಮೋನಿಯಾ ಎಂದು ಆ್ಯಂಟಿಬಯೋಟಿಕ್ ಕೊಟ್ಟ ಕಾಲ. ಬೀಜಾಣು ಒಳಹೊಕ್ಕ 1ರಿಂದ 3 ವಾರಗಳಲ್ಲಿ ಲಕ್ಷಣ ಕಾಣುವುದರಿಂದ ಆ ರೋಗಿ ಧೂಳು ಉಸಿರಾಡಿದ್ದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭದಲ್ಲಿ. ವರದಿಯ ದಿನವನ್ನೇ ಹಿಡಿದರೆ ಬೇಸಿಗೆಯ ಗಾಳಿಯ ಪಾಲನ್ನು ನವೆಂಬರ್ ತಿಂಗಳ ಲೆಕ್ಕಕ್ಕೆ ಬರೆದಂತಾಗುತ್ತದೆ. ಲಕ್ಷಣದ ದಿನ ದಾಖಲಾಗದ ಕಡೆ, ಅದೇ ಕೌಂಟಿಯ ಉಳಿದ ರೋಗಿಗಳಲ್ಲಿ ಕಂಡ ಅಂತರಗಳಿಂದ ಅದನ್ನು ಅಂದಾಜಿಸಿ, ಅಂತರವನ್ನು ಹೆಚ್ಚು ಕಡಿಮೆ ಮಾಡಿದರೂ ಫಲಿತಾಂಶ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದೆ.

ಇನ್ನೊಂದು ತೊಡಕು ಬರದ್ದು. 2012ರಿಂದ 2015ರವರೆಗಿನ ಬರದಲ್ಲಿ ಪ್ರಕರಣಗಳು ಇಳಿದು, ಮಳೆ ಮರಳಿದ ಮೇಲೆ ಏರಿದವು. ಮಣ್ಣಿನ ಇತರ ಸೂಕ್ಷ್ಮಜೀವಿಗಳು ಬರಕ್ಕೆ ಸಾಯುತ್ತವೆ, ಒಣಹವೆ ತಾಳಿಕೊಳ್ಳುವ ಈ ಶಿಲೀಂಧ್ರಕ್ಕೆ ಮುಂದಿನ ಮಳೆಯಲ್ಲಿ ಪೈಪೋಟಿಯೇ ಇರುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಆದ್ದರಿಂದ ಆಯಾ ವರ್ಷದ ಮಳೆಯಷ್ಟೇ ಸಾಲದೆಂದು ಹಿಂದಿನ ಚಳಿಗಾಲಗಳ ಮಳೆಯನ್ನೂ ಲೆಕ್ಕಕ್ಕೆ ಸೇರಿಸಿದೆ. ರಾಜ್ಯದಲ್ಲಿ 2024ರಲ್ಲಿ 12,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದಾಗಲೂ ಹಿಂದೆ ಬರವಿತ್ತು, ನಂತರ 2022–23ರ ಭಾರೀ ಮಳೆಯ ಚಳಿಗಾಲವಿತ್ತು. ಹಾಗೆಂದು ಏರಿಕೆಯನ್ನೆಲ್ಲ ಹವಾಮಾನದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆ ಹೆಚ್ಚಿದ್ದನ್ನೂ ಹೊಸ ಬಡಾವಣೆಗಳಿಗಾಗಿ ನೆಲ ಅಗೆದದ್ದನ್ನೂ ಬೇರ್ಪಡಿಸಿ ನೋಡಲೇಬೇಕು.

ಈ ಕಣಿವೆಯಲ್ಲಿ ಓಡಾಡಿ ಬೆಂಗಳೂರಿಗೆ ಮರಳಿದವರ ಎದೆಯ ಎಕ್ಸ್‌ರೇಯಲ್ಲಿ ಕಲೆ ಕಂಡರೆ ಅಲ್ಲಿನ ವೈದ್ಯರು ಮೊದಲು ಕ್ಷಯವನ್ನೇ ಶಂಕಿಸುವುದು ಸಹಜ. ಪ್ರವಾಸದ ವಿವರವನ್ನು ರೋಗಿಯೇ ಮುಂದಾಗಿ ಹೇಳಬೇಕು. ಇಲ್ಲಿಯಾದರೋ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು. ಬರದ ಬೆನ್ನಿಗೆ ಒಳ್ಳೆಯ ಮಳೆಯಾದ ವರ್ಷ, ಮಣ್ಣು ಒಣಗುವ ಮೊದಲೇ, ನೆಲಕ್ಕೆ ನೀರು ಹಾಕಿ ಅಗೆಯುವ, ಎನ್‌-95 ಮಾಸ್ಕ್ ಒದಗಿಸುವ ಸೂಚನೆ ಅವರ ಮಾಲೀಕರಿಗೆ ತಲುಪಬೇಕೆಂದು ಒತ್ತಾಯಿಸುತ್ತಿದ್ದೇನೆ.